ಎಸ್ತರಮ್ಮನವರಿಗೆ ನಾನು ಆರಿಸಿಕೊಟ್ಟ ಚರ್ಚು

ನಮ್ಮವ್ವ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಾಗ, ಅವರನ್ನು ನೋಡಿಕೊಳ್ಳಲು ಧಾರವಾಡದ ಕಡೆಯಿಂದ ಎಸ್ತರಮ್ಮ ಎಂಬ ನಿವೃತ್ತ ನರ್ಸ್ ಜಾವಳಿ ಹತ್ತಿರದ ನಮ್ಮ ತೋಟದ ಮನೆಗೆ ಬಂದರು. ಬಂದ ದಿನ ಅವರು ಕೇಳಿದ್ದು ಒಂದೇ. ಭಾನುವಾರ ಬೆಳಿಗ್ಗೆ ಚರ್ಚಿಗೆ ಹೋಗಿಬರಲು ಸ್ವಲ್ಪ ಬಿಡುವು ಬೇಕು.

ಆ ಜವಾಬ್ದಾರಿ ನನ್ನದು ಎಂದೆ. ನಾನು ಕ್ರೈಸ್ತನಲ್ಲ, ನಿಜ. ಆದರೆ ಹುಟ್ಟಿದಾಗಿನಿಂದ ಮೂಡಿಗೆರೆ ಪೇಟೆ ಸುತ್ತಿದವನು. ಆ ಶನಿವಾರವೇ ಹೋಗಿ, ಸ್ಥಳ ಪರಿಶೀಲನೆ ನಡೆಸಿ, ಕೂಲಂಕಷವಾಗಿ ವಿಚಾರ ಮಾಡಿ ಒಂದು ಚರ್ಚನ್ನು ಆರಿಸಿದೆ. ಎತ್ತರದ ಗೋಪುರ, ಹೊಸ ಬಣ್ಣ, ಅಂಗಳದಲ್ಲಿ ಜೀಪು ತಿರುಗಿಸಲು ಧಾರಾಳ ಜಾಗ. ಒಂದು ಚರ್ಚಿನಲ್ಲಿ ಇದಕ್ಕಿಂತ ಹೆಚ್ಚು ಇನ್ನೇನು ಬೇಕು!

ಮೊದಲ ಭಾನುವಾರ ದಾರಿಯಲ್ಲಿ ಅವರು, "ಗೌಡ್ರ, ನಮ್ಮದು ಏನೈತಲ್ರಿ..." ಎಂದು ಏನೋ ಹೇಳಹೊರಟರು. ತೊಂದರೆ ಕೊಡುತ್ತಿದ್ದೇನೆಂಬ ಸಂಕೋಚ ಇರಬೇಕೆಂದುಕೊಂಡು, ಏನೂ ಹೇಳಬೇಡಿ, ನೀವು ನಮ್ಮ ಮನೆಯವರೇ ಎಂದು ಬಾಯಿ ಮುಚ್ಚಿಸಿದೆ. ಎರಡನೇ ವಾರವೂ ಶುರು ಮಾಡಿದರು. ಆಗ ನಾನು ಕಾಫಿಗೆ ಬಿದ್ದ ಕೊಳೆರೋಗದ ವಿಷಯ ಹೇಳುತ್ತಿದ್ದೆ, ಅದು ಮುಗಿಯುವಷ್ಟರಲ್ಲಿ ಚರ್ಚು ಬಂತು. ಮೂರನೇ ವಾರ ಅವರು ಶುರು ಮಾಡಲಿಲ್ಲ.

ಅಲ್ಲಿ ಬೆಳಗಿನ ಪೂಜೆ ಕೊಂಕಣಿಯಲ್ಲಿ. ಎಸ್ತರಮ್ಮನವರಿಗೆ ಕೊಂಕಣಿಯ ಒಂದಕ್ಷರ ಬಾರದು. ಇದು ನನಗೆ ಹೊಳೆಯಲೇ ಇಲ್ಲ. ನಮ್ಮ ತೋಟದ ಲೆಕ್ಕ ಬರೆಯುತ್ತಿದ್ದ ಹಳೆಯ ರೈಟರು ಮನೆಯಲ್ಲಿ ಕೊಂಕಣಿ ಆಡುತ್ತಿದ್ದರು, ಅವರು ಕ್ರೈಸ್ತರು. ಆದ್ದರಿಂದ ಕ್ರೈಸ್ತರೆಲ್ಲ ಕೊಂಕಣಿ ಆಡುತ್ತಾರೆ. ನನ್ನ ಜ್ಞಾನ ಅಲ್ಲಿಗೆ ಮುಗಿದಿತ್ತು.

ಒಂದು ವಾರ ಬಾಗಿಲಲ್ಲಿ ನಿಂತು ನೋಡಿದೆ. ಎಲ್ಲರೂ ಪ್ರಸಾದಕ್ಕೆ ಸಾಲಾಗಿ ಹೋಗುತ್ತಿದ್ದರೆ ಇವರೊಬ್ಬರೇ ಬೆಂಚಿನಲ್ಲಿ ಕೂತಿದ್ದಾರೆ. ಪಾಪ, ನಾಚಿಕೆ! ನಾನೇ ಒಳಗೆ ನುಗ್ಗಿ, ಕೈಹಿಡಿದು ಎಬ್ಬಿಸಿ ಸಾಲಿಗೆ ಸೇರಿಸಿದೆ. ಅವರು ಎದೆಯ ಮೇಲೆ ಕೈ ಕಟ್ಟಿಕೊಂಡು ಮುಂದೆ ಹೋದರು. ಫಾದರ್ ಪ್ರಸಾದ ಕೊಡದೆ ತಲೆ ಮುಟ್ಟಿ ಹರಸಿ ಕಳಿಸಿದರು. ಬೇರೆ ಯಾರಿಗೂ ಸಿಗದ ವಿಶೇಷ ಮರ್ಯಾದೆ ನಮ್ಮ ಎಸ್ತರಮ್ಮನವರಿಗೆ ಸಿಕ್ಕಿತೆಂದು ಮನೆಗೆ ಬಂದು ಹೆಂಡತಿ ಸುಮಿತ್ರಳಿಗೆ ವರದಿ ಒಪ್ಪಿಸಿದೆ. ಅವಳು ಒಲೆಯ ಮೇಲೆ ಹಾಲಿದೆ ಎಂದು ಅಡಿಗೆಮನೆಗೆ ಹೋದಳು.

ಅಷ್ಟಕ್ಕೇ ನಿಲ್ಲುವ ಆಸಾಮಿ ನಾನಲ್ಲ. ಚರ್ಚಿನ ಹಬ್ಬ ಬಂದಾಗ, ಇವರಿಗೆ ಹಾಡಲು ಆಸೆ ಎಂದು ಯಾರೋ ಹೇಳಿದ್ದು ಕೇಳಿ, ಗಾಯನ ತಂಡಕ್ಕೆ ಅವರ ಹೆಸರನ್ನು ನಾನೇ ಬರೆಸಿದೆ. ಕೊಂಕಣಿ ಹಾಡುಗಳು! ಹಿಂದಿನ ಸಾಲಿನಲ್ಲಿ ನಿಂತು ಅವರು ಬರಿದೇ ತುಟಿ ಆಡಿಸಿದರು. ನಾನು ಫೋಟೋ ತೆಗೆದು ಬಂಧುಬಳಗಕ್ಕೆಲ್ಲ ಕಳಿಸಿದೆ.

ಹೀಗೆ ಏಳು ತಿಂಗಳು ಸಂದವು. ಒಂದು ಭಾನುವಾರ ರಸ್ತೆಗೆ ಡಾಂಬರು ಹಾಕುತ್ತಿದ್ದರೆಂದು ಜೀಪನ್ನು ಹಿಂದಿನ ಗಲ್ಲಿಗೆ ಇಳಿಸಿದೆ. ಅಲ್ಲಿ ಒಂದು ಸಣ್ಣ ಹೆಂಚಿನ ಕಟ್ಟಡ. ನಾನು ಇಷ್ಟು ವರ್ಷ ಅದನ್ನು ಸೊಸೈಟಿಯ ಗೋಡೌನ್ ಎಂದುಕೊಂಡಿದ್ದೆ. ಒಳಗಿನಿಂದ ಕನ್ನಡ ಹಾಡು ಕೇಳುತ್ತಿತ್ತು.

"ಒಂದ್ ನಿಮಿಷ ನಿಲ್ಲಸ್ರಿ" ಎಂದರು ಎಸ್ತರಮ್ಮ.

ನಿಲ್ಲಿಸಿದೆ. ಅವರು ಕಣ್ಣುಮುಚ್ಚಿ, ಕೂತಲ್ಲೇ, ಒಳಗಿನವರ ಜೊತೆ ಹಾಡತೊಡಗಿದರು. ಆ ಸಣ್ಣ ಮೈಯಲ್ಲಿ ಅಷ್ಟು ತುಂಬಿದ ದನಿ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಜೀಪಿನಲ್ಲಿ ಯಾವಾಗಲೂ ನಾನೇ ಮಾತಾಡುತ್ತಿದ್ದೆ.

ಹಾಡು ಮುಗಿದ ಮೇಲೆ ಹೇಳಿದರು. "ಇದು ನಮ್ಮ ಹಾಡ್ರಿ ಗೌಡ್ರ. ನಾವು ಪ್ರೊಟೆಸ್ಟೆಂಟರು. ನೀವು ಕರಕೊಂಡ್ ಹೋಗೂದು ಕ್ಯಾಥೊಲಿಕರ ಚರ್ಚು, ಅಲ್ಲಿ ನಮಗ ಪ್ರಸಾದ ಕೊಡಂಗಿಲ್ರಿ. ಊರಾಗ ಮೂವತ್ತು ವರ್ಷ ಹಾಡು ಎತ್ತಿಕೊಡಾಕಿ ನಾನ ಇದ್ದೆ."

"ಮತ್ತೆ ನನಗೆ ಹೇಳ್ಲಿಲ್ವಲ್ಲ?"

"ನೀವು ಭಾಳ ಖುಷಿಲೇ ಕರಕೊಂಡ್ ಹೊಂಟಿದ್ರಿ. ಹೆಂಗ ಹೇಳ್ಲಿ?"

ಆ ಚರ್ಚಿನವರು ತಮ್ಮನ್ನು ಚೆನ್ನಾಗಿಯೇ ನೋಡಿಕೊಂಡರು, ಅಲ್ಲಿಯೂ ದೇವರಿದ್ದಾನೆ, ನೀವೇನೂ ಬೇಜಾರು ಮಾಡಿಕೊಳ್ಳಬೇಡಿ ಎಂದು ನನಗೇ ಸಮಾಧಾನ ಹೇಳಿದರು. ನನಗೆ ಸ್ಟೇರಿಂಗ್ ಬಿಟ್ಟು ಬೇರೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಫಾದರ್ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಅವರಿಗೆ ಮೊದಲ ವಾರವೇ ಗೊತ್ತಿತ್ತಂತೆ. ಗೌಡರಿಗೆ ಹೇಳಬೇಡಿ, ನೊಂದುಕೊಳ್ಳುತ್ತಾರೆ ಎಂದು ಎಸ್ತರಮ್ಮನೇ ಕೇಳಿಕೊಂಡಿದ್ದರಂತೆ. ಮನೆಗೆ ಬಂದು ಸುಮಿತ್ರಳಿಗೆ ಹೇಳಿದರೆ ಅವಳಿಗೂ ಗೊತ್ತಿತ್ತು. ಹಾಸಿಗೆ ಹಿಡಿದಿದ್ದ ಅವ್ವನಿಗಂತೂ ಅವರು ದಿನಾ ಸಂಜೆ ನಾನು ಪೇಟೆಗೆ ಹೋದ ಹೊತ್ತಿನಲ್ಲಿ ಕಾಲು ತಿಕ್ಕುತ್ತಾ ಅದೇ ಹಾಡುಗಳನ್ನು ಹೇಳಿಕೊಡುತ್ತಿದ್ದರು. ಅವ್ವನಿಗೆ ಎರಡು ಬಾಯಿಪಾಠವೇ ಆಗಿದ್ದವು. ಗೊತ್ತಿಲ್ಲದವನು ಇದೆಲ್ಲದರ ವ್ಯವಸ್ಥಾಪಕನಾದ ನಾನೊಬ್ಬನೇ.

ಮುಂದಿನ ಭಾನುವಾರ ಅವರನ್ನು ಗಲ್ಲಿಯ ಚರ್ಚಿಗೆ ಕರೆದುಕೊಂಡು ಹೋದೆ. ನಾನು ಕೊನೆಯ ಬೆಂಚಿನಲ್ಲಿ ಕೂತೆ. ಎರಡನೇ ಹಾಡಿಗೇ ಅಲ್ಲಿಯವರೆಲ್ಲ ತಿರುಗಿ ನೋಡಿದರು, ಮೂರನೆಯದಕ್ಕೆ ಸಭಾಪಾಲಕರು ಅವರನ್ನು ಮುಂದೆ ಕರೆದರು. ಇಷ್ಟು ದಿನ ಎಲ್ಲಿದ್ದಿರಿ ಎಂದು ಆಮೇಲೆ ಜನ ಕೇಳಿದಾಗ, ತಮಗೇ ಬರಲು ತಡವಾಯಿತು ಎಂದುಬಿಟ್ಟರು. ನನ್ನ ಹೆಸರು ಎತ್ತಲಿಲ್ಲ.

ಅಷ್ಟು ಹೊತ್ತಿಗೆ ಅವ್ವ ಕೋಲು ಹಿಡಿದು ಅಂಗಳದವರೆಗೂ ನಡೆಯುತ್ತಿದ್ದರು. ಕೊಪ್ಪದ ಕಡೆಯ ಒಂದು ಮನೆಗೆ ಬರುತ್ತೇನೆಂದು ಎಸ್ತರಮ್ಮ ಮೊದಲೇ ಒಪ್ಪಿಕೊಂಡಿದ್ದರು. ಏಳೂವರೆ ತಿಂಗಳಲ್ಲಿ ಅವರ ಪಾಲಿಗೆ ಬಂದದ್ದು ಎರಡೇ ಭಾನುವಾರ. ನಮ್ಮವ್ವನನ್ನು ಮತ್ತೆ ನಡೆಸಿದವರಿಗೆ ನಾನು ಕೊಟ್ಟದ್ದು ಇಷ್ಟು.

ಹೋದ ತಿಂಗಳು ಫೋನ್ ಮಾಡಿದ್ದರು. ಅವ್ವನ ಕ್ಷೇಮ ವಿಚಾರಿಸಿದರು. ಅಳುಕುತ್ತಲೇ ಕೇಳಿದೆ, ಅಲ್ಲಿ ಚರ್ಚು ಸಿಕ್ಕಿತೇ, ಬೇಕಿದ್ದರೆ ನಾನು ಬಂದು ಹುಡುಕಿಕೊಡಲೇ ಎಂದು.

"ಬ್ಯಾಡ್ರಿ ಗೌಡ್ರ," ಎಂದರು ಎಸ್ತರಮ್ಮ, ತುಸು ಅವಸರದಲ್ಲೇ. "ಈ ಮನಿಯವ್ರು ಮೊದಲನೇ ದಿನಾನ ಕೇಳಿದ್ರು, ನೀವು ಯಾವ ಚರ್ಚಿಗೆ ಹೋಗ್ತೀರಿ ಅಂತ."

ಒಳ್ಳೆಯ ಜನ ಎಂದೆ.