ಬಿವಿ, ಬುತ್ತಿ ಮತ್ತು ಏಳು ಕಿಲೋ

ಐವತ್ತು ದಾಟಿದ ಗಂಡಸು ಫೇಸ್‌ಬುಕ್ಕಿನಲ್ಲಿ ಶಪಥ ಮಾಡಬಾರದು. ಮನೆಯಲ್ಲಿ ಮಾಡಿದ ಶಪಥವಾದರೆ ಹೆಂಡತಿ ಮರುದಿನ ಮರೆತವಳ ಹಾಗೆ ನಟಿಸಿ ಮಾನ ಉಳಿಸುತ್ತಾಳೆ. ಫೇಸ್‌ಬುಕ್ಕಿನ ಜನರಿಗೆ ಆ ದಯೆ ಇಲ್ಲ. ನಾನು ಅಥಣಿ ಕಡೆಯ ದ್ರಾಕ್ಷಿ ಬೆಳೆಗಾರ. ತೋಟದ ಕೆಲಸ ಮುಗಿದ ಮೇಲೆ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಊರ ಕಥೆ ಬರೆಯುವ ಚಟ. ಒಂದು ದಿನ ಬರೆಯಲು ಏನೂ ಸಿಗದೆ, ಕೊಲ್ಲಾಪುರದ ಆಚೆಗಿನ ಗಡವೊಂದನ್ನು, ಅಂದರೆ ಬೆಟ್ಟದ ಮೇಲಿನ ಕೋಟೆಯನ್ನು ಹತ್ತಿ, ತಲೆಯ ಮೇಲೆ ಸೂರಿಲ್ಲದೆ ಒಂದು ರಾತ್ರಿ ಬಯಲಲ್ಲಿ ಮಲಗಿ ಬರುತ್ತೇನೆ, ನನ್ನ ಹೊರೆ ನಾನೇ ಹೊರುತ್ತೇನೆ ಎಂದು ಬರೆದುಬಿಟ್ಟೆ. ಸಂಜೆಯೊಳಗೆ ಪರಿಚಯವಿಲ್ಲದವರೆಲ್ಲ ತಾರೀಖು ಕೇಳತೊಡಗಿದರು. ಹಿಂದೆ ಸರಿಯುವ ದಾರಿ ಅಲ್ಲಿಗೆ ಮುಚ್ಚಿತು.

ಮುಂದಿನ ದಾರಿಗೆ ಅಡ್ಡ ನಿಂತವಳು ಹೆಂಡತಿ ಸುವರ್ಣಾ. ಹಿಂದಿನ ವರ್ಷ ನನ್ನ ಮೊಣಕಾಲು ನೋಡಿದ ಡಾಕ್ಟರು ಭಾರ ಎತ್ತಬೇಡಿ ಎಂದಿದ್ದರು. ನನಗೆ ಆ ಮಾತು ಮರೆತಿತ್ತು, ಅವಳಿಗೆ ಬಾಯಿಪಾಠವಾಗಿತ್ತು. ಓದುಗರಿಗೆ ಮಾತು ಕೊಟ್ಟಿದ್ದೇನೆ ಎಂದು ನಾನು ಎದೆಯುಬ್ಬಿಸಿ ಹೇಳಿದೆ. "ನಿಮ್ಮ ಮೊಣಕಾಲು ಫೇಸ್‌ಬುಕ್ ಓದಂಗಿಲ್ಲರಿ" ಅಂದಳು. ಎರಡು ದಿನ ಮಾತುಕತೆ ನಡೆದು ಒಂದು ಒಪ್ಪಂದಕ್ಕೆ ಬಂದೆವು. "ಏಳ ಕಿಲೋ. ಒಂದ ಗ್ರಾಂ ಹೆಚ್ಚಾತಂದ್ರ ಬ್ಯಾಗೂ ಇಲ್ಲೇ, ನೀವೂ ಇಲ್ಲೇ." ತೂಗುವುದು ಅವಳೇ, ದ್ರಾಕ್ಷಿ ಪೆಟ್ಟಿಗೆ ತೂಗುವ ನಮ್ಮ ಮನೆಯ ಇಲೆಕ್ಟ್ರಾನಿಕ್ ಕಾಟಾದ ಮೇಲೆ. ಕಬ್ಬು, ದ್ರಾಕ್ಷಿ, ಅದನ್ನು ಒಣಗಿಸಿದ ಮಣೂಕ ಹೀಗೆ ಹುಟ್ಟಿದಾಗಿನಿಂದ ತೂಕದ ಮೇಲೆಯೇ ಬದುಕಿದ ಜನ ನಾವು. ಡಬ್ಬಿಯ ಮೇಲೆ ಅಚ್ಚಾದ ತೂಕವನ್ನು ನಮ್ಮಲ್ಲಿ ಯಾರೂ ನಂಬುವುದಿಲ್ಲ. ಕಾಟಾ ತೋರಿಸಿದರೆ ಮಾತ್ರ ಅದು ತೂಕ.

ಮನೆಯಲ್ಲಿ ಹಳೆಯ ಟೆಂಟು ಒಂದಿತ್ತು. ಅದೊಂದೇ ನಾಲ್ಕು ಕಿಲೋ. ಅದನ್ನು ಹೊತ್ತರೆ ಉಳಿದ ಮೂರು ಕಿಲೋದಲ್ಲಿ ನನ್ನ ನೀರು, ಬಟ್ಟೆ, ಶಪಥ ಎಲ್ಲವೂ ಹಿಡಿಯಬೇಕು. ಆಗ ಮೊಬೈಲು ನನಗೆ ಬಿವಿ ಎಂಬ ವಸ್ತುವನ್ನು ತೋರಿಸಿತು. ಒಬ್ಬ ಮನುಷ್ಯ ನೆಟ್ಟಗೆ ಮಲಗುವಷ್ಟೇ ಅಗಲದ, ಒಳಗೆ ಹೊಕ್ಕು ಚೈನು ಎಳೆದುಕೊಳ್ಳುವ ಚೀಲ ಅದು. ಮಳೆ, ಮಂಜು, ಇರುವೆ, ಸೊಳ್ಳೆ ಯಾವುದೂ ಒಳಗೆ ಬರುವುದಿಲ್ಲ. ಎದ್ದು ಕೂಡುವುದಕ್ಕೂ ಬರುವುದಿಲ್ಲ ಎನ್ನುವುದನ್ನು ವಿಡಿಯೋದವರು ಕೊನೆಯಲ್ಲಿ ಮೆಲ್ಲಗೆ ಹೇಳುತ್ತಾರೆ. ಮೂರು ವಾರ ನಾನು ಬೇರೆ ಏನನ್ನೂ ನೋಡಲಿಲ್ಲ. ಭಾರ ಇಳಿಸಲು ಹಲ್ಲುಜ್ಜುವ ಬ್ರಶ್ಶಿನ ಹಿಡಿಕೆಯನ್ನೇ ಕತ್ತರಿಸುವ ಮಹಾನುಭಾವರನ್ನು ಕಂಡೆ, ನಾನೂ ಕತ್ತರಿಸಿದೆ. ತಪ್ಪಿ ಕತ್ತರಿಸಿದ್ದು ಸುವರ್ಣಾಳ ಬ್ರಶ್ಶು ಎಂದು ಮರುದಿನ ಬೆಳಿಗ್ಗೆ ತಿಳಿಯಿತು. ಅದರ ವಿವರಕ್ಕೆ ಇಲ್ಲಿ ಹೋಗುವುದಿಲ್ಲ.

ಕೊನೆಗೆ ಎರಡು ಬಿವಿ ಉಳಿದವು. ಒಂದು ಮುನ್ನೂರು ಗ್ರಾಂ, ಮಡಚಿದರೆ ಲೋಟದಲ್ಲಿ ಕೂಡುತ್ತದೆ. ಇನ್ನೊಂದು ಎಂಟುನೂರು ಗ್ರಾಂ, ಮುಖದ ಮೇಲೆ ಬಟ್ಟೆ ಬೀಳದಂತೆ ಸಣ್ಣ ಕಮಾನು, ಗಾಳಿಗೆ ಜಾಲರಿ. ಒಂದನ್ನು ಮರಳಿಸುವ ಲೆಕ್ಕದಲ್ಲಿ ಎರಡನ್ನೂ ತರಿಸಿ ಅಜಿತನ ಮುಂದೆ ಇಟ್ಟೆ. ಅಜಿತ ನನ್ನ ಕಾಲೇಜಿನ ಗೆಳೆಯ, ಬೋರಗಾಂವದಲ್ಲಿ ಪವರ್‌ಲೂಮ್ ಇಟ್ಟವನು, ಗಡಕ್ಕೆ ನನ್ನ ಜೊತೆ ಬರಲು ಒಪ್ಪಿದವನು. ಬಟ್ಟೆಯ ಜಾತಕವನ್ನು ಬೆರಳ ತುದಿಯಿಂದ ಓದುತ್ತಾನೆ. ಹಗುರವಾದದ್ದನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿ, "ಲೇ ಬಸ್ಯಾ, ಇದು ಬಟ್ಟಿ ಅಲ್ಲ, ಪ್ಲಾಸ್ಟಿಕ್ ಐತಿ. ಇದರಾಗ ಮಲಗಿದ್ರ ಮುಂಜಾನಿ ಇಡ್ಲಿ ಆಗಿ ಎದ್ದೇಳ್ತಿ" ಅಂದ. ನಾನು ಒಪ್ಪಲಿಲ್ಲ. ಅವನು ಎರಡು ಲೋಟ ಕುದಿಯುವ ನೀರು ತರಿಸಿ, ಒಂದೊಂದರ ಬಾಯಿಗೆ ಒಂದೊಂದು ಬಿವಿಯ ಅಂಚು ಮುಚ್ಚಿ, ಮೇಲೆ ಸ್ಟೀಲಿನ ತಾಟು ಹಿಡಿದ. ಎಂಟುನೂರು ಗ್ರಾಮಿನದರ ಮೇಲಿನ ತಾಟಿಗೆ, ಬಟ್ಟೆ ದಾಟಿ ಬಂದ ಹಬೆ ಕಟ್ಟಿತು. ಇನ್ನೊಂದರ ತಾಟು ಒಣಗಿಯೇ ಇತ್ತು, ಬಟ್ಟೆಯ ಒಳಮೈಯಿಂದ ಮಾತ್ರ ನೀರು ತೊಟ್ಟಿಕ್ಕುತ್ತಿತ್ತು. ಅಂದರೆ ಅದರೊಳಗೆ ಮಲಗಿದವನು ತನ್ನ ಉಸಿರಿನಲ್ಲೇ ತೊಯ್ಯುತ್ತಾನೆ.

ಐನೂರು ಗ್ರಾಂ ಹೆಚ್ಚಾಯಿತಲ್ಲೋ ಎಂದು ನಾನು ಗೋಳಾಡಿದೆ. ಅಜಿತ ನನ್ನ ಅಂಗಿಯ ಗುಂಡಿಗಳ ಕಡೆ ನೋಡಿದ. "ಒಂದ ಚೀಲಾನೇನೋ ವಾಪಸ್ ಕಳಸ್ತಿ. ಹೊಟ್ಟ್ಯಾಗಿನ ಹತ್ತ ಕಿಲೋ ಯಾವ ಆನ್‌ಲೈನ್‌ದವ್ರಿಗೆ ವಾಪಸ್ ಕಳಸ್ತಿ?"

ಬೆವರದ ಬಿವಿಯನ್ನೇ ಇಟ್ಟುಕೊಂಡೆ. ಅದಕ್ಕಾಗಿ ಸ್ವೆಟರ್ ಬಿಟ್ಟೆ, ಎರಡನೆಯ ಟವೆಲ್ ಬಿಟ್ಟೆ, ಬ್ಯಾಟರಿಯ ಹೆಚ್ಚಿನ ಸೆಲ್ಲು ಬಿಟ್ಟೆ. ಒಂದು ಮಧ್ಯಾಹ್ನ ಅಂಗಳದಲ್ಲಿ ಅದರೊಳಗೆ ಮಲಗಿ ಅಭ್ಯಾಸವನ್ನೂ ಮಾಡಿದೆ. ಸುವರ್ಣಾ ಬಂದು ತುಸು ಹೊತ್ತು ನಿಂತು ನೋಡಿದಳು. "ಎದ್ದ ಬರ್ರಿ. ಓಣ್ಯಾಗಿನ ಮಂದಿ ನೋಡಿದ್ರ ಹೂವಿನ ಮಾಲಿ ತಗೊಂಡ ಬರ್ತಾರ" ಅಂದಳು.

ಹೊರಡುವ ಹಿಂದಿನ ಸಂಜೆ ತೂಕದ ಶಾಸ್ತ್ರ. ಬ್ಯಾಗನ್ನು ಕಾಟಾದ ಮೇಲೆ ಇಟ್ಟೆ. ಅವಳು ಬಗ್ಗಿ ಅಂಕಿ ನೋಡಿದಳು, ಬ್ಯಾಗಿನ ಪಟ್ಟಿ ನೆಲಕ್ಕೆ ತಾಗಿದೆಯೇ ಎಂದು ಸುತ್ತಲೂ ನೋಡಿದಳು, ತಾಗಿದ್ದನ್ನು ಎತ್ತಿ ಮೇಲಿಟ್ಟಳು. ಆರು ಕಿಲೋ ಒಂಬೈನೂರ ನಲವತ್ತು. ಹತ್ತನೇ ಇಯತ್ತೆ ಪಾಸಾದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ. ಇನ್ನೂ ಅರವತ್ತು ಗ್ರಾಂ ಉಳಿದಿದೆ, ಹಿಡಿಕೆ ಇರುವ ಬ್ರಶ್ಶನ್ನೇ ಒಯ್ಯಬಹುದು ಎಂದು ಯೋಚಿಸುತ್ತಿರುವಾಗ ಅವಳು ಅಡುಗೆಮನೆಯಿಂದ ಒಂದು ಗಂಟು ತಂದು ಬ್ಯಾಗಿನ ಪಕ್ಕದಲ್ಲಿ ಇಟ್ಟಳು. ನಲವತ್ತು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಒಂದು ಡಬ್ಬಿ ಬೆಲ್ಲದ ಮಾದಲಿ. ಅಷ್ಟರಲ್ಲಿ ರಾಯಬಾಗದ ನನ್ನ ಅಕ್ಕ, ತಮ್ಮ ಗಡ ಹತ್ತುತ್ತಾನಂತೆ ಎಂಬ ಸುದ್ದಿ ಕೇಳಿ ಎರಡು ಬಸ್ಸು ಬದಲಿಸಿ ಬಂದಿಳಿದಳು. ಅವಳ ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ, ಅದು ಸ್ಟೀಲಿನದು.

ನಾನು ಕಾಟಾ ಕಡೆ ಕೈ ತೋರಿಸಿ, ಒಪ್ಪಂದ ಏನಾಗಿತ್ತು ಎಂದು ನೆನಪಿಸಿದೆ. ಇಬ್ಬರೂ ನನ್ನನ್ನು ತಿಳಿಗೇಡಿಯನ್ನು ನೋಡುವ ಹಾಗೆ ನೋಡಿದರು.

"ಬುತ್ತಿ ಯಾರರ ತೂಗತಾರೇನ್ರಿ?" ಅಂದಳು ಸುವರ್ಣಾ.

"ನಿನಗಷ್ಟ ಅಲ್ಲ ತಮ್ಮಾ, ಜೋಡಿ ಬಂದಾವ್ರ ಬಾಯಾಗೂ ಒಂದ ತುತ್ತ ಬೀಳಬೇಕ" ಅಂದಳು ಅಕ್ಕ.

ನಮ್ಮ ಕಡೆ ಬುತ್ತಿ ಬೇಡ ಎಂದವನು ಹುಟ್ಟಿಲ್ಲ. ಅವರಿಬ್ಬರೂ ಚಹಾ ಕುಡಿಯುವಾಗ ನಾನು ಗಂಟನ್ನು ಗುಟ್ಟಾಗಿ ಕಾಟಾದ ಮೇಲೆ ಇಟ್ಟೆ. ಐದು ಕಿಲೋ ಮುನ್ನೂರು. ಒಂದು ಬ್ರಶ್ಶಿನ ಹಿಡಿಕೆ ಮತ್ತು ಸ್ವೆಟರನ್ನು ನೆನೆದು ಕಣ್ಣು ತುಂಬಿ ಬಂತು. ಬಾಗಿಲು ದಾಟುವಾಗ ಸುವರ್ಣಾ ಒಂದು ಹಳೆಯ ಚಾದರವನ್ನೂ ಬ್ಯಾಗಿನ ಮೇಲೆ ಕಟ್ಟಿ ಹೇಳಿದ ಮಾತು ಒಂದೇ. "ರೊಟ್ಟಿ ಮೆತ್ತಗ ಆಗದಂಗ ನೋಡ್ಕೊರಿ." ಮೊಣಕಾಲಿನ ಮಾತು ಬರಲಿಲ್ಲ.

ಗಡ ಹತ್ತಿದ್ದನ್ನು ವರ್ಣಿಸುವುದಿಲ್ಲ. ಮೊಣಕಾಲು ದಾರಿಯುದ್ದಕ್ಕೂ ನನಗೆ ಕೇಳುವಂತೆ ಮಾತಾಡಿತು. ಅಜಿತ ಜೈನ, ಹೊತ್ತು ಮುಳುಗುವುದರೊಳಗೆ ಊಟ ಮುಗಿಸಬೇಕು. ಹಾಗಾಗಿ ಇಳಿಬಿಸಿಲಿನಲ್ಲೇ ಗಂಟು ಬಿಚ್ಚಿದೆವು. ಪಕ್ಕದಲ್ಲಿ ಬಿಡಾರ ಹೂಡಿದ್ದ ಮೀರಜದ ಹುಡುಗರಿಗೂ "ಯಾ, ಜೇವಾಯಲಾ" ಎಂದು ಅವರ ಮರಾಠಿಯಲ್ಲೇ ಊಟಕ್ಕೆ ಕರೆದು ತಿನ್ನಿಸಿದೆವು. ಎಲ್ಲರೂ ಕೈ ತೊಳೆದ ಮೇಲೂ ಇಪ್ಪತ್ತೈದು ರೊಟ್ಟಿ ಉಳಿದಿದ್ದವು, ಹೋಳಿಗೆಯ ಡಬ್ಬಿಯಂತೂ ಅರ್ಧ ತುಂಬಿಯೇ ಇತ್ತು. ಕತ್ತಲಾಗುತ್ತಲೇ ಕೆಂಪಿರುವೆಯ ಸಾಲು ಮಾದಲಿಯ ವಾಸನೆ ಹಿಡಿದು ಹೊರಟಿತು. ಮೇಲಿನಿಂದ ಇಬ್ಬನಿ ಇಳಿಯತೊಡಗಿತು. ಒಂದು ರೊಟ್ಟಿ ಮುಟ್ಟಿ ನೋಡಿದೆ. ಅಂಚು ಮೆತ್ತಗಾಗತೊಡಗಿತ್ತು. ಅದನ್ನು ಹಾಗೇ ಮನೆಗೆ ಒಯ್ದರೆ ಏನಾಗುತ್ತದೆಂದು ನನಗೂ ಗೊತ್ತು, ಅಜಿತನಿಗೂ ಗೊತ್ತು. ಆ ಬಯಲಿನಲ್ಲಿ ಇರುವೆ ಬಾರದ, ಮಂಜು ತಾಗದ, ಒಳಗಿನದು ಬೆವರದ ಜಾಗ ಒಂದೇ ಇತ್ತು. ಇಬ್ಬರೂ ಅದರ ಕಡೆ ನೋಡಿದೆವು. ರೊಟ್ಟಿಯ ಗಂಟನ್ನು ತಲೆಯ ಕಡೆ ಕಮಾನಿನ ಕೆಳಗೆ, ಡಬ್ಬಿಗಳನ್ನು ಕಾಲ ಕಡೆ ಮಲಗಿಸಿ ಚೈನು ಎಳೆದೆ. ನಾನು ಚಾದರ ಹೊದ್ದು ಪಕ್ಕದ ಬಂಡೆಯ ಮೇಲೆ ಉರುಳಿದೆ. ಶಪಥ ಮಾಡಿದ್ದಕ್ಕಿಂತ ಹೆಚ್ಚು ಬಯಲಿನಲ್ಲಿ ಮಲಗಿದವನು ನಾನೊಬ್ಬನೇ ಇರಬೇಕು.

ಬೆಳಿಗ್ಗೆ ನನ್ನ ಮೀಸೆಯಿಂದ ನೀರು ಇಳಿಯುತ್ತಿತ್ತು. ಚೈನು ತೆಗೆದು ರೊಟ್ಟಿ ಮುರಿದರೆ ಟಕ್ ಎಂದಿತು. ಮನೆಗೆ ಬಂದಾಗ ಸುವರ್ಣಾ ನನ್ನ ಸೀನುಗಳನ್ನು ದಾಟಿ ಮೊದಲು ಉಳಿದ ರೊಟ್ಟಿಯನ್ನೇ ಮುರಿದು ನೋಡಿದಳು. ಭೇಷ್ ಅಂದಳು, ಆ ಚೀಲ ತೆಗೆದುಕೊಂಡದ್ದು ಚಲೋ ಆಯಿತು ಅಂದಳು. ಬಿವಿ ಮಾರಿದವರು ಅಭಿಪ್ರಾಯ ಬರೆಯಿರಿ ಎಂದು ಮೂರು ಸಲ ಕೇಳಿದ್ದರು. ಐದು ಚುಕ್ಕಿ ಕೊಟ್ಟು ಬರೆದೆ: ರಾತ್ರಿಯಿಡೀ ಇಬ್ಬನಿ ಸುರಿದರೂ ಒಳಗೆ ಮಲಗಿದವರಿಗೆ ಒಂದು ಹನಿಯೂ ತಾಗಲಿಲ್ಲ, ಬೆಳಿಗ್ಗೆ ಕಡಕ್ಕಾಗಿ ಎದ್ದರು. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.