ಫ್ಲೆಕ್ಸಿನಲ್ಲಿ ನಗುವವರು

ಕಾಶೀನಾಥನ ಆ ದಿನದ ಪಾಡಿಗೆಲ್ಲ ಕಾರಣ ಅವನೇ ಕೈಯಾರೆ ಬರೆದ ಮೂರು ಸಾಲು. ವರ್ಗಾವಣೆ ಅರ್ಜಿಯಲ್ಲಿ ‘ಕಾರಣ’ ಎಂದಿದ್ದ ಕಡೆ ಅವನು ಹೀಗೆ ಬರೆದಿದ್ದ: ‘ಮೂರು ವರ್ಷವಾದರೂ ಇಲ್ಲಿನ ಭಾಷೆ, ಬೋರ್ಡು, ರೀತಿ ರಿವಾಜು ಒಂದೂ ನನಗೆ ತಿಳಿಯುತ್ತಿಲ್ಲ. ಜನರೊಡನೆ ಬೆರೆಯಲಾಗುತ್ತಿಲ್ಲ. ದಯವಿಟ್ಟು ನನ್ನನ್ನು ಗದಗಕ್ಕೆ ಕಳಿಸಬೇಕು.’

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಬ್ಯಾಂಕಿನವರು ಕೊಚ್ಚಿಗೆ ಎತ್ತಿ ಹಾಕಿದ ದಿನದಿಂದ ಅವನು ದಣಿದೇ ಇದ್ದ. ಕಾಕ್ಕನಾಡಿನ ಫ್ಲ್ಯಾಟಿನಲ್ಲಿ ಬೆಳಿಗ್ಗೆ ಏಳುವಾಗಲೇ ಸಂಜೆಯ ಸುಸ್ತು. ಹೀಗಿರುವಾಗ ತಿರುವನಂತಪುರದ ದೊಡ್ಡ ಸಾಹೇಬರು, ಜೋಸೆಫ್ ಎಂಬವರು, ತಾವೇ ಫೋನು ಮಾಡಿದರು. ಎರಡನೇ ಶನಿವಾರ ಮಗಳು ಗ್ರೀಷ್ಮಾಳ ಮದುವೆ, ಅಲ್ಲಿನ ಶ್ರೀಕಾರ್ಯಂನಲ್ಲಿ ಮಧ್ಯಾಹ್ನದ ಊಟ, ಹೆಂಡತಿಯನ್ನೂ ಕರೆದುಕೊಂಡು ಬಾ, ನಿನ್ನ ಅರ್ಜಿ ನನ್ನ ಜೇಬಿನಲ್ಲೇ ಇರುತ್ತದೆ, ಅಲ್ಲೇ ಸಹಿ ಹಾಕುತ್ತೇನೆ, ಸೋಮವಾರ ಪಟ್ಟಿ ಹೊರಡುತ್ತದೆ ಎಂದರು. ಕಾಶೀನಾಥ ಫೋನಿಗೇ ಕೈಮುಗಿದ.

ಶನಿವಾರ ಐದಕ್ಕೇ ಹೊಸ ಕಾರು ಹೊರಟಿತು. ಪಕ್ಕದಲ್ಲಿ ಹೆಂಡತಿ ಮಂದಾಕಿನಿ, ಅವಳ ತೊಡೆಯ ಮೇಲೆ ಮಿರಿಮಿರಿ ಕಾಗದ ಸುತ್ತಿದ ಗೋಡೆ ಗಡಿಯಾರ ಮತ್ತು ಒಂದು ಹೂಗುಚ್ಛ. ಹಿಂದಿನ ಸೀಟಿನಲ್ಲಿ ಬ್ಯಾಂಕಿನ ಕ್ಯಾಶಿಯರ್, ಮಂಗಳೂರಿನ ಜಾಯ್ಸ್. ಆಕೆಯನ್ನು ಯಾರೂ ಕರೆದಿರಲಿಲ್ಲ.

“ನಾನಿರುವಾಗ ನಿಮಗೆಂತ ಹೆದರಿಕೆ ಮಾರಾಯ್ರೆ? ನನಗೆ ಮಲಯಾಳ ಬರ್ತದೆ” ಎಂದು ಆಕೆಯೇ ಹತ್ತಿ ಕೂತಿದ್ದಳು. ಆಕೆಗೆ ಬರುತ್ತಿದ್ದುದು ಮಾತು ಮಾತ್ರ, ಅಕ್ಷರವಲ್ಲ ಎಂಬುದು ಆಲಪ್ಪುಳ ದಾಟಿದ ಮೇಲೆ ತಿಳಿಯಿತು.

ಆ ರಸ್ತೆಯ ಫ್ಲೆಕ್ಸುಗಳಿಗೆ ಭೇದಭಾವವೇ ಇರಲಿಲ್ಲ. ಚುನಾವಣೆ ಗೆದ್ದವನು, ಪರೀಕ್ಷೆ ಪಾಸಾದವಳು, ನಿನ್ನೆ ತೀರಿಕೊಂಡವನು, ಎಲ್ಲರಿಗೂ ಒಂದೇ ಅಳತೆ, ಒಂದೇ ನಗೆ.

“ಇಂವಾ ಗೆದ್ದಾನೋ, ಹೋಗ್ಯಾನೋ?” ಎಂದಳು ಮಂದಾಕಿನಿ.

“ನಗಾಕತ್ತಾನಲ್ಲ, ಗೆದ್ದಿರಬೇಕು.”

“ಹಿಂದಿನಂವನೂ ನಗತಿದ್ದ. ಅವನ ಸುತ್ತ ಕರೀ ಪಟ್ಟಿ ಇತ್ತು.”

“ಇಲ್ಲಿ ಬೆಳಿಗ್ಗೆ ಜೀವ ಹೋದ್ರೆ ಮಧ್ಯಾಹ್ನಕ್ಕೆ ಫ್ಲೆಕ್ಸ್ ರೆಡಿ, ಗೊತ್ತುಂಟಾ?” ಎಂದಳು ಜಾಯ್ಸ್.

ಕೊಲ್ಲಂ ಇನ್ನೂ ಅರ್ಧ ಗಂಟೆ ಇರುವಾಗ ರಸ್ತೆ ಬದಿಯಲ್ಲಿ ಕೆಂಪು ಬಣ್ಣ ಬಳಿದ ಒಂದು ಕಟ್ಟೆ ಕಂಡಿತು. ಮೇಲೆ ಪುಟ್ಟ ಚಾವಣಿ, ಒಳಗೆ ಎದೆಮಟ್ಟದ ಮೂರ್ತಿ, ಕೊರಳಲ್ಲಿ ಚೆಂಡುಹೂವಿನ ಹಾರ. ಕಾಶೀನಾಥನ ಊರ ಕಡೆ ಹೊಸ ಗಾಡಿ ಮೊದಲ ಸಲ ದೂರ ಹೊರಟರೆ ದಾರಿಯ ದೇವರಿಗೆ ಕಾಯಿ ಒಡೆಯದೆ ಮುಂದೆ ಹೋಗುವ ಪದ್ಧತಿಯಿಲ್ಲ. ಅದಕ್ಕೆಂದೇ ಡಿಕ್ಕಿಯಲ್ಲಿ ತೆಂಗಿನಕಾಯಿ ಇತ್ತು. ಅವನು ಬೂಟು ಕಳಚಿ, ಕಾಯಿ ಒಡೆದು, ಗದಗವನ್ನು ನೆನೆದು ಕಣ್ಣು ಮುಚ್ಚಿದ. ಮಂದಾಕಿನಿ ಮೂರ್ತಿಯ ಹಣೆಗೆ ಕುಂಕುಮ ಹಚ್ಚಿದಳು.

“ರೀ, ದೇವರು ಚಾಳೀಸು ಹಾಕ್ಯಾನಲ್ಲ?” ಎಂದು ಮೂರ್ತಿಯ ಕನ್ನಡಕ ತೋರಿಸಿದಳು.

“ಈಗಿನ ಕಾಲದ ದೇವರು. ಸುಮ್ನ ಕೈಮುಗಿ.”

ಅಷ್ಟರಲ್ಲಿ ಎದುರಿನ ಚಹದಂಗಡಿಯಿಂದ ಐದಾರು ಜನ ಮುಂಡು ಎತ್ತಿಕಟ್ಟಿಕೊಂಡು ಬಂದರು. ಅವರ ಜೊತೆ ಮಾತಾಡಿದ ಜಾಯ್ಸಳ ಮುಖ ಸಣ್ಣಗಾಯಿತು.

“ಇದು ದೇವರಲ್ಲ ಮಾರಾಯ್ರೆ. ಇವರ ಪಕ್ಷಕ್ಕೋಸ್ಕರ ಜೀವ ಕೊಟ್ಟವರಂತೆ. ಇವತ್ತೇ ಅವರ ಪುಣ್ಯತಿಥಿಯಂತೆ.”

ಗುಂಪಿನ ಹಿರಿಯ ಮೊದಲು ಕುಂಕುಮ ನೋಡಿದ, ಆಮೇಲೆ ಒಡೆದ ಕಾಯಿ ನೋಡಿದ, ಕೊನೆಗೆ ಬರಿಗಾಲಲ್ಲಿ ನಿಂತ ಕಾಶೀನಾಥನನ್ನು ನೋಡಿ ಬಿಗಿಯಾಗಿ ತಬ್ಬಿಕೊಂಡ. ಬೆಳಗಿನಿಂದ ಊರಿನವರೇ ಯಾರೂ ಬಂದಿಲ್ಲ, ಕರ್ನಾಟಕದಿಂದ ಒಬ್ಬ ಬಂದನಲ್ಲ ಎಂದು ತನ್ನವರಿಗೆಲ್ಲ ತೋರಿಸಿದ. ಆಮೇಲೆ ಚಹ, ಪಳಂಪೊರಿ, ಹತ್ತಾರು ಫೋಟೋ. ಯಾರೂ ಕೇಳದೆಯೇ ಜಾಯ್ಸ್ ಅವರಿಂದ ಕಾಶೀನಾಥನ ಹೆಸರು, ಹುದ್ದೆ, ಎಲ್ಲ ಬರೆಸಿದಳು. ಆ ಬಾಳೆಹಣ್ಣಿನ ಬಜ್ಜಿ ಬಲು ರುಚಿಯಾಗಿತ್ತು. ಆದರೆ ಒಂದು ಗಂಟೆ ಹೋಗಿತ್ತು.

ಶ್ರೀಕಾರ್ಯಂ ತಲುಪುವಾಗ ಹನ್ನೆರಡಾಗಿತ್ತು. ಅಲ್ಲಿ ರಸ್ತೆ ಅಗೆದಿದ್ದರು. ಫೋನಿನ ಮ್ಯಾಪು ಅದೇ ಮುಚ್ಚಿದ ರಸ್ತೆಗೆ ಮೂರು ಸಲ ಕಳಿಸಿ ಸುಮ್ಮನಾಯಿತು.

“ಮದುವೆ ಮನೆಯವರು ಪ್ರತಿ ತಿರುವಲ್ಲೂ ಬಾಣದ ಗುರುತು ಹಾಕ್ತಾರೆ, ಅದನ್ನು ಹಿಡಿದು ಹೋಗುವ” ಎಂದಳು ಜಾಯ್ಸ್.

ನಿಜವಾಗಿಯೂ ಕರೆಂಟು ಕಂಬದಲ್ಲಿ ಒಂದು ಬಾಣವಿತ್ತು. ಅದರ ಮೇಲೆ ರೇಷ್ಮೆ ಸೀರೆಯ ಮುದುಕಿಯೊಬ್ಬಳ ನಗುಮುಖ.

“ಮದುಮಗಳ ಫೋಟೋ ಇಲ್ಲಲ್ಲ?” ಎಂದು ಜಾಯ್ಸ್ ಅನುಮಾನಿಸಿದಳು.

“ನಮ್ಮ ಕಡೆ ಮದುವಿ ಬ್ಯಾನರಿನ್ಯಾಗ ಮೊದಲು ಅಜ್ಜಿ ಫೋಟೋನ ಹಾಕೋದು. ಅಜ್ಜಿ ಆಶೀರ್ವಾದ ಇಲ್ಲದ ಎಂಥಾ ಮದುವಿ? ಸಾಹೇಬರ ತಾಯಿ ಇರಬೇಕು” ಎಂದು ಕಾಶೀನಾಥ ಕಾರು ತಿರುಗಿಸಿದ. ಮೂರು ವರ್ಷದಲ್ಲಿ ಮೊದಲ ಸಲ ಅವನಿಗೊಂದು ಬೋರ್ಡು ಅರ್ಥವಾಗಿತ್ತು.

ಮುಂದಿನ ತಿರುವಿನಲ್ಲೂ ಅಜ್ಜಿ ಇದ್ದಳು, ಅದರ ಮುಂದಿನದರಲ್ಲೂ ಇದ್ದಳು. ಕೊನೆಗೆ ಶಾಮಿಯಾನ, ಸಾಲು ಕುರ್ಚಿ, ಬಿಳಿ ಬಟ್ಟೆಯ ಜನ. ಇಲ್ಲಿ ಮದುವೆಗೂ ಬಿಳಿಯೇ ಉಡುತ್ತಾರೆಂದು ಅವನು ಕೇಳಿ ಬಲ್ಲ. ವಾಲಗವಿಲ್ಲದ್ದು ವಿಚಿತ್ರವೆನಿಸಿತು, ಆದರೆ ಊರಿಗೊಂದು ರೀತಿ. ಮುಖ ತುಂಬ ನಗು ಹೊತ್ತು, ಹೂಗುಚ್ಛ ಹಿಡಿದು, ಜನ ಬಿಟ್ಟ ದಾರಿಯಲ್ಲಿ ನಡೆದು ಅವನು ನಡುಮನೆಯ ಮಧ್ಯಕ್ಕೆ ಬಂದ. ಅಲ್ಲಿ ದೀಪದ ಮುಂದೆ, ಗಾಜಿನ ಪೆಟ್ಟಿಗೆಯೊಳಗೆ, ಅಜ್ಜಿ ಮಲಗಿದ್ದಳು.

ನಗುವನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ಹೂಗುಚ್ಛವನ್ನು ಅಜ್ಜಿಯ ಕಾಲ ಬಳಿ ಇಟ್ಟ. ಮಂದಾಕಿನಿಯ ಕೈಯಲ್ಲಿದ್ದ ಗಡಿಯಾರವನ್ನು ಯಾರೋ ಗೌರವದಿಂದ ತೆಗೆದುಕೊಂಡು ಒಳಗೆ ಇಟ್ಟರು. ಜಾಯ್ಸ್ ವಿಚಾರಿಸಿಕೊಂಡು ಬಂದಳು.

“ಸರೋಜ ಟೀಚರ್ ಅಂತೆ. ಊರಿಗೆಲ್ಲ ಪಾಠ ಹೇಳಿದವರು. ಈಗ ಎದ್ದು ಹೋದ್ರೆ ಚೆಂದ ಕಾಣುದಿಲ್ಲ. ಕೂತುಕೊಳ್ಳಿ.”

ಕೂತರು. ದಹನ ಮುಗಿದರೂ ಏಳಲಾಗಲಿಲ್ಲ, ಏಕೆಂದರೆ ಸಂತಾಪ ಸಭೆ ಶುರುವಾಯಿತು. ಪಂಚಾಯತಿ ಸದಸ್ಯೆ ಸುಮಯ್ಯಾ ಮಾತಾಡಿದಳು, ಲೈಬ್ರರಿಯವರು ಮಾತಾಡಿದರು. ಆಮೇಲೆ, ಕೊಚ್ಚಿಯಿಂದ ಬಂದ ಶಿಷ್ಯರು ಎರಡು ಮಾತಾಡಬೇಕು ಎಂದು ಮೈಕು ಕಾಶೀನಾಥನ ಕೈಗೆ ಬಂತು. ಅವನನ್ನು ಶಿಷ್ಯನೆಂದವರು ಯಾರೆಂದು ಹಿಂದಿರುಗಿ ನೋಡಿದರೆ ಜಾಯ್ಸ್ ಸೆರಗು ಸರಿಪಡಿಸಿಕೊಳ್ಳುತ್ತಿದ್ದಳು.

ಗಂಟೆ ಎರಡಾಗಿತ್ತು. ಗದಗ ಕೈಬಿಟ್ಟು ಹೋಗುತ್ತಿತ್ತು. ಆ ಸಂಕಟಕ್ಕೋ ಹಸಿವಿಗೋ, ಅವನಿಗೆ ಇದ್ದಕ್ಕಿದ್ದಂತೆ ತನ್ನೂರ ಶಾಲೆಯಲ್ಲಿ ಪಾಠ ಹೇಳಿದ ಅಕ್ಕೋರು ನೆನಪಾದರು.

“ನಮ್ಮ ಅಕ್ಕೋರು ತಮ್ಮ ಬುತ್ತ್ಯಾಗಿನ ರೊಟ್ಟಿ ಮುರದು ನನಗ ಕೊಡತಿದ್ರು” ಎಂದ. “ಅವರು ಹ್ವಾದಾಗ ನಾ ಹೋಗಲಿಲ್ಲ. ರಜಾ ಸಿಗಲಿಲ್ಲ. ಇವತ್ತ ಬಂದೀನಿ, ತಪ್ಪಾತ್ರೀ.”

ಅವನು ನಿಜವಾಗಿಯೂ ಅತ್ತ. ಅದನ್ನು ಜಾಯ್ಸ್ ಮಲಯಾಳಕ್ಕೆ ತಂದಳು. ಏನೇನು ಸೇರಿಸಿದಳೋ, ಇಡೀ ಶಾಮಿಯಾನ ಕಣ್ಣೊರೆಸಿಕೊಂಡಿತು.

ಮೂರು ಗಂಟೆಗೆ ಕಲ್ಯಾಣಮಂಟಪ ಸಿಕ್ಕಿತು. ಕುರ್ಚಿ ಪೇರಿಸುತ್ತಿದ್ದರು, ಪಾತ್ರೆ ತೊಳೆಯುತ್ತಿದ್ದರು. ಕಾಶೀನಾಥ ಬರಿಗೈಯಲ್ಲಿ ಒಳಗೆ ಹೋದರೆ ಜೋಸೆಫ್ ಸಾಹೇಬರೇ ಓಡಿಬಂದು ಅವನ ಎರಡೂ ಕೈ ಹಿಡಿದುಕೊಂಡರು.

“ಕಾಶೀನಾಥ್, ಸರೋಜ ಟೀಚರ್ ನನಗೆ ಅಕ್ಷರ ಕಲಿಸಿದವರು. ಮಗಳ ಮದುವೆ ಬಿಟ್ಟು ಹೋಗಲಾರದೆ, ವೇದಿಕೆಯ ಹಿಂದೆ ಕೂತು ಫೋನಿನಲ್ಲಿ ಸಂತಾಪ ಸಭೆಯ ಲೈವ್ ನೋಡುತ್ತಿದ್ದೆ. ನೋಡಿದರೆ ಮೈಕಿನ ಮುಂದೆ ನೀನು! ನನ್ನ ಬದಲು ನೀನು ಅತ್ತುಬಿಟ್ಟೆಯಪ್ಪಾ.”

ಅವರು ಜೇಬಿನಿಂದ ಅರ್ಜಿ ತೆಗೆದರು. ಸಾಹೇಬರು ಆ ಮೂರು ಸಾಲನ್ನು ಗಟ್ಟಿಯಾಗಿ ಓದಿ, ಕಣ್ಣೀರಿನ ನಡುವೆಯೇ ನಕ್ಕರು.

“ರೀತಿ ರಿವಾಜು ತಿಳಿಯುವುದಿಲ್ಲವಂತೆ! ಜನರೊಡನೆ ಬೆರೆಯುವುದಿಲ್ಲವಂತೆ! ಎಷ್ಟು ವಿನಯ ನಿನಗೆ!” ಎಂದು ಅರ್ಜಿಯನ್ನು ನಾಲ್ಕು ಚೂರು ಮಾಡಿದರು. “ನಿನ್ನಂಥವನನ್ನು ಬಿಟ್ಟರೆ ಟೀಚರ್ ನನ್ನನ್ನು ಕ್ಷಮಿಸುವುದಿಲ್ಲ. ಇನ್ನೂ ಮೂರು ವರ್ಷ ನೀನು ಕೇರಳದಲ್ಲೇ.”

ನಿಜ ಹೇಳಿಬಿಡಲು ಕಾಶೀನಾಥ ಬಾಯಿ ತೆರೆದ. ನಿಮ್ಮ ಟೀಚರನ್ನು ನಿಮ್ಮ ತಾಯಿ ಅಂದುಕೊಂಡೆ, ಸಾವಿನ ಮನೆಗೆ ಉಡುಗೊರೆ ಹಿಡಿದು ಹೋದೆ ಎಂದರೆ ಆ ಕ್ಷಣವೇ ಗದಗ ಸಿಗುತ್ತಿತ್ತು. ಆದರೆ ಸಾಹೇಬರ ಕಣ್ಣಿನ್ನೂ ಒದ್ದೆಯಾಗಿತ್ತು. ಅವನು ಬಾಯಿ ಮುಚ್ಚಿಕೊಂಡ. ಊಟದಲ್ಲಿ ಉಳಿದಿದ್ದದ್ದು ಪಾಯಸ ಮಾತ್ರ, ಅದನ್ನೇ ಕುಡಿದು ಹೊರಟರು.

ಕೊಲ್ಲಂ ದಾಟುವಾಗ ಹೊತ್ತು ಮುಳುಗುತ್ತಿತ್ತು. ಕೆಂಪು ಕಟ್ಟೆ ಹತ್ತಿರವಾದಾಗ ಮಂದಾಕಿನಿ ಚೀರಿದಳು.

“ರೀ! ಅಲ್ಲಿ ನೋಡ್ರಿ, ನೀವು!”

ಕಟ್ಟೆಯ ಪಕ್ಕ ಎರಡಾಳೆತ್ತರದ ಹೊಸ ಫ್ಲೆಕ್ಸು ನಿಂತಿತ್ತು. ಅದರಲ್ಲಿ ಕಾಶೀನಾಥ, ಬರಿಗಾಲಲ್ಲಿ, ಕೈಮುಗಿದು, ಬೆಳಗಿನ ಆಸೆಯಲ್ಲಿ ನಗುತ್ತಿದ್ದ. ಕೆಳಗೆ ನಾಲ್ಕು ಸಾಲು ಮಲಯಾಳ.

“ನಿಮಗ ಏನರ ಆಗೇತಿ ಅಂತ ಬರದಾರೇನು?” ಎಂದಳು ಮಂದಾಕಿನಿ, ಗಂಡನ ತೋಳನ್ನು ಮುಟ್ಟಿ ನೋಡುತ್ತ.

ಜಾಯ್ಸ್ ಇಳಿದುಹೋಗಿ ಚಹದಂಗಡಿಯಲ್ಲಿ ಓದಿಸಿಕೊಂಡು ಬಂದಳು. “ಹೆದರ್ಬೇಡಿ ಮಾರಾಯ್ರೆ, ಅಭಿನಂದನೆಯಂತೆ. ಮುಂದಿನ ಮೂರು ವರ್ಷಕ್ಕೆ ನಿಮ್ಮನ್ನೇ ಸ್ಮರಣೆ ಸಮಿತಿಯ ಗೌರವಾಧ್ಯಕ್ಷ ಮಾಡಿದ್ದಾರಂತೆ.”

ಕಾಶೀನಾಥ ಕಾರಿನಿಂದ ಇಳಿದು, ಬೂಟು ಕಳಚಿ, ಫ್ಲೆಕ್ಸಿನಲ್ಲಿ ನಗುತ್ತಿದ್ದ ಆ ಪುಣ್ಯಾತ್ಮನಿಗೆ ಕೈಮುಗಿದ.