ಮಾವ ಬಂದಾಗ ನಾನು ನೆಲದ ಮೇಲಿದ್ದೆ

ಏನು ಕೆಲಸವೆಂದು ಕೇಳಿದರೆ ಒಂದೇ ಮಾತಿನಲ್ಲಿ ಹೇಳಿ ಮುಗಿಸುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇತಿಹಾಸದಲ್ಲಿ ಎಂ.ಎ. ಮಾಡಿ, ಕೊಪ್ಪಳದ ಆಸ್ಪತ್ರೆಯೊಂದರ ಮಾನಸಿಕ ವಾರ್ಡಿನಲ್ಲಿ ರೋಗಿಗಳ ಸಹಾಯಕನಾಗಿರುವ ನನಗೆ ಆ ಭಾಗ್ಯವಿಲ್ಲ. "ಆಸ್ಪತ್ರ್ಯಾಗ ಅದೀನ್ರಿ" ಎಂದರೆ "ಅಯ್ಯ, ಏನಾಗೇತಿ?" ಎನ್ನುತ್ತಾರೆ. ಯಾವ ವಾರ್ಡೆಂದು ಬಿಡಿಸಿ ಹೇಳಿದರೆ ಒಂದು ಹೆಜ್ಜೆ ಹಿಂದೆ ಸರಿದು, ಹೊತ್ತಿಗೆ ಸರಿಯಾಗಿ ಗುಳಿಗೆ ತಗೋ ಎನ್ನುತ್ತಾರೆ. ಅವ್ವ ಮಾತ್ರ ಒಂದು ದಾರಿ ಕಂಡುಕೊಂಡಿದ್ದಾಳೆ: "ನಮ್ಮ ಹುಡುಗ ದಿನಾ ಡಾಕ್ಟರ್ ಜೋಡಿನ ಇರ್ತಾನ್ರಿ." ಸುಳ್ಳಲ್ಲ. ರೋಗಿಗಳೂ ಇರುತ್ತಾರೆ ಎಂಬುದು ಅವಳಿಗೆ ಹೊಳೆದಿಲ್ಲ.

ಕುಕನೂರಿಗೆ ಹೆಣ್ಣು ನೋಡಲು ಹೋದಾಗಲೂ ಅವ್ವ ಇದನ್ನೇ ಹೇಳಿದಳು. ಹುಡುಗಿ ಶಾಲೆಯಲ್ಲಿ ಶಿಕ್ಷಕಿ. ಚಹಾ ಕೊಡುವಾಗ ನನ್ನನ್ನು ನೋಡಿ ನಕ್ಕಳೆಂದು ನೆನಪು. ಆದರೆ ನನ್ನ ನೆನಪು ನನಗೆ ಬೇಕಾದ ಕಡೆ ಒಂದಿಷ್ಟು ನಗು ಸೇರಿಸಿಕೊಳ್ಳುತ್ತದೆ. ಅಂತೂ ನನಗೆ ಮನಸ್ಸಾಗಿತ್ತು. ಹೆಣ್ಣು ಕೊಡುವ ಮೊದಲು ಹುಡುಗನನ್ನು ಅವನ ಕೆಲಸದ ಜಾಗದಲ್ಲಿ, ಅವನಿಗೆ ಮೊದಲೇ ತಿಳಿಸದೆ ವಿಚಾರಿಸುವುದು ನಮ್ಮ ಕಡೆಯ ರೂಢಿ. ಹಾಗಾಗಿ ಅಂದು ಜೊತೆಗಿದ್ದ ಅವಳ ಸೋದರಮಾವ ಯಲಬುರ್ಗಾದಿಂದ ಬಸ್ಸು ಹಿಡಿದು, ಸರಿಯಾಗಿ ಊಟದ ಹೊತ್ತಿಗೆ ವಾರ್ಡಿಗೆ ಬಂದರು.

ಆಗ ನಾನು ನೆಲದ ಮೇಲೆ ಕೂತು ಮಾಸ್ತರರ ತಾಟಿನಿಂದ ರೊಟ್ಟಿ ಮುರಿದು ತಿನ್ನುತ್ತಿದ್ದೆ. ಈ ನಿವೃತ್ತ ಮಾಸ್ತರರು ನಮ್ಮ ರೋಗಿ. ಊಟದಲ್ಲಿ ಯಾರೋ ವಿಷ ಬೆರೆಸುತ್ತಾರೆಂಬ ಸಂಶಯ ಅವರಿಗೆ. ನಾನೊಂದು ತುತ್ತು ತಿಂದರೆ ಅವರೊಂದು ತುತ್ತು. ನಾನು ಎದ್ದರೆ ಅವರ ಊಟ ಅಲ್ಲಿಗೆ ಮುಗಿಯಿತು. ಗರಿಗರಿ ಅಂಗಿ ತೊಟ್ಟು ಮಂಚದ ಮೇಲೆ ಅವರು, ಪಲ್ಯದ ಕಲೆಯೊಂದಿಗೆ ಕೆಳಗೆ ನಾನು. ಮಾವ ಸಹಜವಾಗಿ ಅವರನ್ನೇ ಡಾಕ್ಟರೆಂದು ತಿಳಿದು ಕೇಳಿದರು: "ಸರ್, ಈ ಹುಡುಗ ಹೆಂಗ ಅದಾನ್ರಿ?"

"ಛಲೋ ಹುಡುಗ. ಮೊದಲ ಭಾಳ ಅಂಜತಿದ್ದ. ಈಗ ಹೇಳಿದಂಗ ಕೇಳ್ತಾನ. ನನ್ನ ಮುಂದ ಕುಂತ ಉಣ್ತಾನ."

"ಮನಿಗೆ ಯಾವಾಗ ಕಳಸ್ತೀರಿ?"

"ಸಂಜಿಕ ಹೊಕ್ಕಾನ. ಮುಂಜಾನೆ ಮತ್ತ ತಾನ ಬರ್ತಾನ."

ಒಂದಕ್ಷರ ಸುಳ್ಳಿಲ್ಲ. ನಾನು ಎದ್ದು ವಿವರಿಸಬೇಕಿತ್ತು. ಆದರೆ ಹಿಂದಿನ ದಿನ ಏನೂ ಮುಟ್ಟದ ಮಾಸ್ತರರ ತಾಟಿನಲ್ಲಿ ಇನ್ನೂ ರೊಟ್ಟಿಯಿತ್ತು. ಕೂತಲ್ಲಿಂದಲೇ, "ಮಾವಾರ, ನಾ ಪೇಶಂಟ್ ಅಲ್ರಿ, ಇಲ್ಲಿ ಕೆಲಸಾ ಮಾಡ್ತೀನ್ರಿ" ಎಂದೆ.

"ಹೌದು ತಮ್ಮಾ, ಮಾಡು, ಮಾಡು. ಮೊದಲ ಊಟಾ ಮಾಡು" ಎಂದರು. ಆ ದನಿಯ ಅಕ್ಕರೆಯನ್ನು ನಾನು ಚೆನ್ನಾಗಿ ಬಲ್ಲೆ. ದಿನವೂ ಅದನ್ನು ಬಳಸುವವನೇ ನಾನು.

ಸಂಜೆ ಹುಡುಗಿಯೇ ಫೋನ್ ಮಾಡಿದಳು. "ಹುಡುಗ ಪಾಪ ಛಲೋ ಅದಾನ, ಆದ್ರ ಇನ್ನಾ ಪೂರಾ ಆರಾಮ ಆಗಿಲ್ಲ ಅಂದ್ರು ನಮ್ಮ ಮಾವ. ಖರೇ ಹೇಳ್ರಿ, ಅಲ್ಲಿ ಕೆಲಸಕ್ಕದೀರೋ, ಇಲಾಜಿಗದೀರೋ?"

"ಕೆಲಸಕ್ಕ" ಎಂದರೆ ಆಗುತ್ತಿತ್ತು. ಆದರೆ ಯಾರಾದರೂ ಕಳವಳದಿಂದ ಕೇಳಿದರೆ ವಾದಕ್ಕಿಳಿಯದೆ ಮೆಲ್ಲಗೆ ತಿರುಗಿ ಕೇಳುವುದು ವಾರ್ಡಿನಲ್ಲಿ ನನಗೆ ಅಂಟಿದ ಚಾಳಿ. "ನಿಮಗ ಏನ ಅನಸ್ತೈತ್ರಿ?" ಎಂದುಬಿಟ್ಟೆ.

"ಐತವಾರ ನಾನ ಬಂದು ನೋಡ್ತೀನಿ. ಭೇಟಿ ಮಾಡಾಕ ಯಾವ ಟೈಮಿನ್ಯಾಗ ಬಿಡ್ತಾರ?" ಎಂದಳು.

ಟೈಮು ಹೇಳಿದೆ. ನೋಡಲು ಬರುವುದು ವರನನ್ನೋ ರೋಗಿಯನ್ನೋ ಎಂದು ಕೇಳುವ ಧೈರ್ಯವಾಗಲಿಲ್ಲ. ಅವಳ ಕೈಯಲ್ಲಿ ಬಾಳೆಹಣ್ಣು ಕಂಡರೆ ಏನೆಂದು ತಿಳಿಯಬೇಕೋ ದೇವರೇ ಬಲ್ಲ. ಬೀಗರ ಮನೆಗೂ ಅದನ್ನೇ ತರುತ್ತಾರೆ, ಆಸ್ಪತ್ರೆಗೂ ಅದನ್ನೇ ತರುತ್ತಾರೆ.